ಎಂಟನೇ ಪಿರಿಯಡ್

ಎರಡು ದಿನದ ತರಬೇತಿ, ಒಂದು ನೀಲಿ ಫೈಲು,
ಮೊದಲ ದಿನ ಊಟಕ್ಕೆ ಪಲಾವು,
ಎರಡನೇ ದಿನವೂ ಪಲಾವು.
ಇಷ್ಟು ಕಲಿತು ಬಂದು ನಿಂತಿದ್ದೇನೆ
ಕೋಡಿಬಾಗಿನ ಒಂಬತ್ತನೇ ಬಿ ಎದುರು,
ಗಣಿತದ ಅಕ್ಕೋರು,
ಕೈಯಲ್ಲಿ ಇವತ್ತು ಕೈವಾರವಿಲ್ಲ.

ಶೀರ್ಷಿಕೆ ಬರೆಯಬೇಕು.
'ಆತ್ಮ' ಎಂದು ಬರೆದು ತಡೆದೆ.
"ಆತ್ಮವಿಶ್ವಾಸ!" ಹಿಂದಿನ ಬೆಂಚು ಕೂಗಿತು.
"ಅಲ್ವೋ, ಆತ್ಮಕಥೆ. ಪರೀಕ್ಷೆಗೆ ಬಂದೇ ಬರ್ತದೆ."
ಉಳಿದ ಎರಡಕ್ಷರ ಬರೆದೆ.
ಬೈತಖೋಲದ ಮೀನು ಹರಾಜನ್ನೇ
ದಿನಾ ಚೀಲದಲ್ಲಿ ಹೊತ್ತು ತರುವ ತರಗತಿ
ಫ್ಯಾನಿನ ಕಿರುಗುಟ್ಟು ಕೇಳುವಷ್ಟು ಸುಮ್ಮನಾಯಿತು.

ಹೆಡ್ ಮಾಸ್ತರು ಬೆಳಿಗ್ಗೆಯೇ ಹೇಳಿದ್ದರು:
"ಆ ಶಬ್ದ ಎತ್ತಬೇಡಿ ಬಾಯೋರೆ, ಇಲ್ಲದ್ದು ತಲೆಗೆ ಹೊಕ್ಕೀತು.
ಧೈರ್ಯ, ಗುರಿ, ಸಾಧನೆ, ಹಾಗೆ ಏನಾದರೂ ಹೇಳಿ ಮುಗಿಸಿ."
ಫೈಲು ಹೇಳುತ್ತದೆ:
ಹೇಡಿ ಎನ್ನಬೇಡಿ. ಪಾಪ ಎನ್ನಬೇಡಿ.
ನೇರವಾಗಿ ಕೇಳಿ.

ಯಾರೂ ಕೇಳಿರಲಿಲ್ಲ ಮಿಂಗೇಲನನ್ನು.
ಹನ್ನೆರಡು ವರ್ಷವಾಯಿತು. ಕಿಟಕಿ ಪಕ್ಕದ ಮೂರನೇ ಬೆಂಚು.
ತನ್ನ ಕಂಪಾಸು ಪೆಟ್ಟಿಗೆಯನ್ನು, ಕೈವಾರ ಕೋನಮಾಪಕ ಸಮೇತ,
ಪಕ್ಕದವನಿಗೆ ಕೊಟ್ಟುಬಿಟ್ಟಿದ್ದ.
"ಎಲ್ಲೋ ಪೆಟ್ಟಿಗೆ?" ಎಂದೆ.
"ಬೇಡ ಅಕ್ಕೋರೇ, ಇನ್ನು ಬೇಕಾಗೂದಿಲ್ಲ."
ಉದ್ಧಟತನ ಅಂದುಕೊಂಡು
ಇಡೀ ಪಿರಿಯಡ್ ಹೊರಗೆ ನಿಲ್ಲಿಸಿದೆ.
ಆ ಗುರುವಾರದ ಹಾಜರಿ ಪುಸ್ತಕದಲ್ಲಿ
ನನ್ನ ಕೈಯಾರೆ ಬರೆದ ಅವನ 'ಹಾ' ಇದೆ.
ಸೋಮವಾರದಿಂದ ಇಲ್ಲ.

ಇದನ್ನು ಮಕ್ಕಳಿಗೆ ಹೇಳಲಿಲ್ಲ.
ಹೇಳಬೇಕೆಂದು ಬಾಯಿ ತೆರೆದಾಗ
ವಿನಿತ ಬಾನಾವಳೀಕರ ಎದ್ದು ನಿಂತ,
ಎಂದೂ ಉತ್ತರಕ್ಕೆ ಏಳದವನು.
"ಅಪ್ಪನ ಬೋಟಲ್ಲಿ ರಾತ್ರಿ ವೈರ್‌ಲೆಸ್ಸಿನಲ್ಲಿ
ಒಂದೊಂದೇ ಬೋಟಿನ ಹೆಸರು ಕೂಗ್ತರು ಅಕ್ಕೋರೇ.
ಯಾವ್ದಾದ್ರೂ ಒಂದು 'ಹಾಂ' ಅನ್ನದಿದ್ರೆ
ತಾಂಡೇಲ ಇಂಜಿನ್ ತಿರುಗಿಸ್ತ.
ಬಲೆ ತುಂಬ ಬಂಗಡೆ ಇದ್ರೂ ತಿರುಗಿಸ್ತ."

"ನೀರು ಹೊಕ್ಕಿದೆಯಾ ಅಂತ ಕೇಳ್ತಾರಾ?"
"ಕೇಳ್ದೆ ಮತ್ತೆ?"
"ಕೇಳಿದ್ದಕ್ಕೇ ಮುಳುಗಿದ ಬೋಟು ಉಂಟಾ?"
ತರಗತಿ ನಕ್ಕಿತು.
ಅವನೂ ನಕ್ಕ, ಮುಂದಿನ ಹಲ್ಲು ಅರ್ಧ ಮುರಿದದ್ದು ಕಾಣುವ ಹಾಗೆ.
ನೀಲಿ ಫೈಲನ್ನು ಮೇಜಿನೊಳಗೆ ಹಾಕಿದೆ.

ಆಮೇಲೆ ಪ್ರಶ್ನೆಗಳು ಬಂದವು,
ಬೀಜಗಣಿತಕ್ಕೆ ಎಂದೂ ಬಾರದಷ್ಟು.
ಊಟ ಬಿಟ್ಟರೆ ಅದಾ? ಸಿಟ್ಟು ಬಂದರೂ ಅದಾ?
ಅಣ್ಣ ರಾತ್ರಿಯಿಡೀ ಮೊಬೈಲ್ ನೋಡ್ತ, ಮಲಗೂದೇ ಇಲ್ಲ, ಅದು?
ಸಾಬಿರಾ ಪೆನ್ನಿನ ಮುಚ್ಚಳ ಕಚ್ಚುತ್ತ:
"ಯಾರಿಗೂ ಹೇಳೂದಿಲ್ಲ ಅಂತ
ಅವಳು ಆಣೆ ಹಾಕಿಸ್ಕೊಂಡಿದ್ರೆ?"
ಆಣೆ ಮುರಿ, ಎಂದೆ.
ದೊಡ್ಡವರೊಬ್ಬರ ಹತ್ತಿರ ಓಡು. ಅವರು ಕೇಳದಿದ್ದರೆ ಇನ್ನೊಬ್ಬರ ಹತ್ತಿರ.
ಅವಳನ್ನು ಒಬ್ಬಳೇ ಬಿಡಬೇಡ.
ಆಣೆ ಮುರಿದ ಪಾಪ ನನ್ನ ಖಾತೆಗೆ ಬರಿ.
ಅಲ್ಲಿ ಹಳೇ ಬಾಕಿ ಒಂದಿದೆ.

ಒಂದು ನಾಲ್ಕು ನಾಲ್ಕು ಒಂದು ಆರು.
ಹಲಗೆಯ ಮೇಲೆ ದೊಡ್ಡದಾಗಿ ಬರೆದೆ.
ಹಗಲೂ ರಾತ್ರಿಯೂ ಯಾರೋ ಎತ್ತುತ್ತಾರೆ, ದುಡ್ಡಿಲ್ಲ.
ಪೈಥಾಗೊರಸನ ತ್ರಿಭುಜದ ಪಕ್ಕದ ಅಂಚಿನಲ್ಲಿ
ಎಲ್ಲರೂ ಬರೆದುಕೊಂಡರು.
"ಇದು ಎಷ್ಟು ಮಾರ್ಕಿಗೆ?" ಎಂದ ಒಬ್ಬ.
ಒಬ್ಬ ಕೇಳಿಯೇ ಕೇಳುತ್ತಾನೆ.

ಗಂಟೆ ಹೊಡೆಯಿತು. ಚಪ್ಪಲಿಗಳ ಗಲಾಟೆ ಮೆಟ್ಟಿಲಿಳಿಯಿತು.
ಪ್ರಣಾಲಿ ಪಡ್ತಿ ಉಳಿದಳು,
ಹಲಗೆ ಒರೆಸುವ ಸರದಿ ಅವಳದಲ್ಲ.
ಒರೆಸಿದಳು ನಿಧಾನ,
ಒರೆಸಿದಲ್ಲೇ ಮತ್ತೆ ಒರೆಸಿದಳು,
ಐದು ಅಂಕಿಗಳ ಹತ್ತಿರ ಬಂದು
ಕೈ ನಿಂತಿತು.

ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ
ಆ ವಾಕ್ಯ ನನ್ನ ಬಾಯಿಂದ ಬಂದಿರಲಿಲ್ಲ.
ತರಬೇತಿಯಲ್ಲಿ ಜೋಡಿ ಜೋಡಿಯಾಗಿ ಕೂತು
ಒಬ್ಬರಿಗೊಬ್ಬರು ಕೇಳಿ ನಕ್ಕಿದ್ದೆವು.
ಈಗ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತು
ಕೇಳಿದೆ:
ಪ್ರಣಾಲಿ, ಸಾಯಬೇಕು ಅಂತ ಅನ್ನಿಸ್ತದಾ ನಿನಗೆ?

ಬೆನ್ನು ತಿರುಗಲಿಲ್ಲ.
ಹೊರಗೆ ಮಾಜಾಳಿ ಬಸ್ಸಿನ ಹಾರ್ನು, ಅವಳ ಬಸ್ಸು.
ಅತ್ತ ನೋಡಲಿಲ್ಲ.
ಇನ್ನೊಮ್ಮೆ ಹಾರ್ನು. ಬಸ್ಸು ಹೋಯಿತು.
ಮುಂದಿನದು ಆರೂ ಕಾಲಿಗೆ.
ಹೊತ್ತಿದೆ, ಎಂದೆ.
ನಾನೂ ಅದೇ ಬಸ್ಸಿಗೆ ಬರ್ತೇನೆ, ನಿನ್ನ ಸಂಗಡ.

ಅವಳು ಡಸ್ಟರು ಕೆಳಗಿಟ್ಟಳು.